ಫಾರ್ಮ್ಯಾಟ್ ಹೊಡೆಸುವ ಮುಂಚೆ ಬ್ಲೂಸ್ಕ್ರೀನ್‌ವ್ಯೂ

ತಾನೇ ಆಫ್ ಆಗಿ ತಾನೇ ಆನ್ ಆಗುವ ಕಂಪ್ಯೂಟರನ್ನು ಹೊತ್ತುಕೊಂಡು ಬೆಳಗಾವಿಯಲ್ಲಿ ರಿಪೇರಿ ಅಂಗಡಿ ಹತ್ತಿದರೆ ಬಹುತೇಕ ಕಡೆ ಸಿಗುವ ಉತ್ತರ ಒಂದೇ: "ವಿಂಡೋಸ್ ಕೆಟ್ಟೈತ್ರಿ, ಫಾರ್ಮ್ಯಾಟ್ ಹೊಡದ್ ಕೊಡ್ತೀವಿ." ಹೊಡೆಸಿದ ಮೇಲೆ ನಾಲ್ಕು ದಿನ ಸುಮ್ಮನಿರುತ್ತದೆ. ಹಳೆಯ ಪ್ರಿಂಟರ್ ಡ್ರೈವರು (ಸಾಧನವನ್ನು ವಿಂಡೋಸ್‌ಗೆ ಜೋಡಿಸುವ ತಂತ್ರಾಂಶ), ಹಳೆಯ ಆಂಟಿವೈರಸ್ಸು ವಾಪಸ್ ಹಾಕಿದ್ದೇ ತಡ, ಮತ್ತೆ ಅದೇ ರಾಗ. ಫಾರ್ಮ್ಯಾಟ್ ಮಾಡಿದರೆ ಯಾವ ಡ್ರೈವರ್ ಕಾಟ ಕೊಡುತ್ತಿತ್ತು ಎಂಬ ಸಾಕ್ಷಿಯೂ ಅಳಿಸಿಹೋಗುತ್ತದೆ.

ಕುಸಿಯುವಾಗ ವಿಂಡೋಸ್ ಆ ಸಾಕ್ಷಿಯನ್ನು 'ಡಂಪ್' ಎಂಬ ಕಡತದಲ್ಲಿ ಬರೆದಿಡುತ್ತದೆ. ಅದನ್ನು ಓದಲು ಇರುವ ಪುಟ್ಟ ಸಾಧನ ನಿರ್‌ಸಾಫ್ಟ್‌ನ ಬ್ಲೂಸ್ಕ್ರೀನ್‌ವ್ಯೂ. ಪುಕ್ಕಟೆ. ಇನ್‌ಸ್ಟಾಲ್ ಮಾಡುವುದೂ ಬೇಡ, ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದರಾಯಿತು. 1.55 ಆವೃತ್ತಿ ಹಳೆಯದಾದರೂ ವಿಂಡೋಸ್ 10 ಮತ್ತು 11ರಲ್ಲಿ ತಕರಾರಿಲ್ಲದೆ ಓಡುತ್ತದೆ.

ಓಡಿಸುವ ಮುಂಚೆ ಒಂದು ಸೆಟ್ಟಿಂಗ್ ನೋಡಿ. ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅಲ್ಲಿ ಸ್ಟಾರ್ಟಪ್ ಆ್ಯಂಡ್ ರಿಕವರಿ. 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬ ಟಿಕ್ ತೆಗೆಯಿರಿ. ಇನ್ನು ಮುಂದೆ ಕಂಪ್ಯೂಟರ್ ಓಡಿಹೋಗದೆ ದೋಷ ತೋರಿಸುವ ನೀಲಿ ಪರದೆಯ (ಹೊಸ ವಿಂಡೋಸ್ 11ರಲ್ಲಿ ಕಪ್ಪು) ಮೇಲೇ ನಿಲ್ಲುತ್ತದೆ. ಕೆಳಗಿನ ಪಟ್ಟಿಯಲ್ಲಿ 'ಸ್ಮಾಲ್ ಮೆಮೊರಿ ಡಂಪ್' ಆಯ್ದುಕೊಳ್ಳಿ. ಪೇಜ್‌ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಕಡತ) ಆಫ್ ಮಾಡಿದ್ದರೆ ಮತ್ತೆ ಆನ್ ಮಾಡಿ. 'ಸ್ಪೀಡ್ ಹೆಚ್ಚಾಗುತ್ತೆ' ಎಂದು ಯಾರೋ ಹೇಳಿದ್ದಕ್ಕೆ ಅದನ್ನು ಆಫ್ ಮಾಡಿಟ್ಟವರು ಬಹಳ ಜನ. ಅದಿಲ್ಲದಿದ್ದರೆ ಡಂಪ್ ಬರೆಯಲು ಜಾಗವೇ ಇರುವುದಿಲ್ಲ.

ತಂತ್ರಾಂಶದ ಕಿಟಕಿ ಎರಡು ಭಾಗ. ಮೇಲೆ ಕುಸಿತಕ್ಕೆ ಒಂದೊಂದು ಸಾಲು: ದಿನಾಂಕ, ಸಮಯ, ದೋಷದ ಹೆಸರು, ಕೋಡ್, 'ಕಾಸ್ಡ್ ಬೈ ಡ್ರೈವರ್'. ಕೆಳಗೆ ಆ ಹೊತ್ತಿಗೆ ಮೆಮೊರಿಯಲ್ಲಿದ್ದ ಡ್ರೈವರುಗಳೆಲ್ಲ. ಕುಸಿತದ ಸ್ಟ್ಯಾಕ್‌ನಲ್ಲಿ (ಆ ಕ್ಷಣ ನಡೆಯುತ್ತಿದ್ದ ಕೆಲಸಗಳ ಸರಣಿಯಲ್ಲಿ) ಸಿಕ್ಕಿಬಿದ್ದವುಗಳಿಗೆ ಗುಲಾಬಿ ಬಣ್ಣ. ಜನ ಎಡವುವುದು ಇಲ್ಲೇ. 'ಕಾಸ್ಡ್ ಬೈ' ಅಂಕಣದಲ್ಲಿ ಎನ್‌ಟಿ ಕರ್ನಲ್ (ವಿಂಡೋಸ್‌ನ ತಿರುಳು) ಹೆಸರು ಕಂಡೊಡನೆ ವಿಂಡೋಸೇ ಕೆಟ್ಟಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಬೇರೆ ಯಾವುದೋ ಡ್ರೈವರ್ ಮೆಮೊರಿ ಕೆಡಿಸಿದಾಗಲೂ ಕೊನೆಗೆ ಬೀಳುವುದು ಕರ್ನಲ್ಲೇ. ಹಾಗಾಗಿ ಒಂದು ಸಾಲು ನೋಡಿ ಬಿಡಬೇಡಿ; ನಾಲ್ಕೈದು ಕುಸಿತಗಳ ಗುಲಾಬಿ ಸಾಲುಗಳನ್ನು ಹೋಲಿಸಿ, ಮೈಕ್ರೋಸಾಫ್ಟ್‌ದಲ್ಲದ ಯಾವ ಹೆಸರು ಪ್ರತಿ ಸಲವೂ ಇದೆ ನೋಡಿ. ಕಂಪನಿ ಹೆಸರಿನ ಅಂಕಣ ಪಕ್ಕದಲ್ಲೇ ಇದೆ.

ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿದ ಮೇಲೆ ಹೀಗಾಯಿತು ಎಂಬ ದೂರು ಸಾಮಾನ್ಯ. ಇಂಥ ಸಾದಾ ಅಪ್ಲಿಕೇಶನ್ ಕೆಟ್ಟರೆ ಆ ಅಪ್ಲಿಕೇಶನ್ ಮುಚ್ಚುತ್ತದೆ, ಇಡೀ ಯಂತ್ರ ಮಲಗುವುದಿಲ್ಲ. ಮಲಗಿಸುವುದು ಕರ್ನಲ್‌ನೊಳಗೆ ಓಡುವ ಡ್ರೈವರು. ಮನೆಯಲ್ಲೇ ಲಗ್ನಪತ್ರಿಕೆ ಕಂಪೋಸ್ ಮಾಡುವವರು ಹಳೆಯ ಡಿಟಿಪಿ ತಂತ್ರಾಂಶದ ಡಾಂಗಲ್ (ಪರವಾನಗಿಗಾಗಿ ಚುಚ್ಚುವ ಪುಟ್ಟ ಸಾಧನ) ಡ್ರೈವರನ್ನು ಮೊದಲು ಅನುಮಾನಿಸಲಿ. ಉಳಿದವರಿಗೆ ದೊಡ್ಡ ಗುಮಾನಿ ಒಂದೇ ಯಂತ್ರದಲ್ಲಿರುವ ಎರಡು ಆಂಟಿವೈರಸ್. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಒಂದು, ಅಂಗಡಿಯವರು ಮಾರಿದ್ದು ಇನ್ನೊಂದು. ಕಡತ ತೆರೆಯುವ ದಾರಿಯಲ್ಲಿ ಎರಡೂ ತಮ್ಮ ಫಿಲ್ಟರ್ ಡ್ರೈವರ್ ಕೂರಿಸಿ, ಒಂದೇ ಕಡತಕ್ಕೆ ಇಬ್ಬರೂ ಕೈಹಾಕುತ್ತವೆ. ಕರ್ನಲ್‌ನಲ್ಲಿ ಕೂತ ಭದ್ರತಾ ತಂತ್ರಾಂಶ ತಪ್ಪಿದರೆ ಏನಾಗುತ್ತದೆಂದು 2024ರ ಜುಲೈ 19ರಂದು ಜಗತ್ತೇ ನೋಡಿದೆ: ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು.

ಹೆಸರು ಸಿಕ್ಕ ಮೇಲೆ ಕೆಲಸ ಸುಲಭ. ಡ್ರೈವರ್ ಆಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್'. ಆಂಟಿವೈರಸ್ ಆಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಿ, ಅದೇ ಕಂಪನಿಯ ರಿಮೂವಲ್ ಟೂಲ್ ಓಡಿಸಿ, ಇಲ್ಲದಿದ್ದರೆ ಫಿಲ್ಟರ್ ಡ್ರೈವರ್ ಹಿಂದೆ ಉಳಿದುಬಿಡಬಹುದು. ಐದು ನಿಮಿಷವೂ ನಿಲ್ಲದ ಯಂತ್ರವಾದರೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿನ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಲ್ಯಾಪ್‌ಟಾಪ್ ಈ ಹಂತದಲ್ಲಿ ಬಿಟ್‌ಲಾಕರ್ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳಿ.

ಕಿಟಕಿ ಪೂರ್ತಿ ಖಾಲಿ ಬಂದರೆ? ಅದೂ ಉತ್ತರವೇ, ಕ್ಲೀನರ್ ತಂತ್ರಾಂಶ ಡಂಪ್ ಅಳಿಸಿಲ್ಲ ಎಂಬುದು ಖಾತ್ರಿಯಿದ್ದರೆ. ವಿಂಡೋಸ್‌ನ ದಿನಚರಿ ತೋರಿಸುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ 'ಕರ್ನಲ್-ಪವರ್ 41' ಎಂಬ ದಾಖಲೆ ಹುಡುಕಿ, ಡೀಟೇಲ್ಸ್‌ನಲ್ಲಿ ಬಗ್‌ಚೆಕ್‌ಕೋಡ್ (ಕುಸಿತದ ದೋಷ ಸಂಖ್ಯೆ) ನೋಡಿ. ಸೊನ್ನೆ ಇದ್ದರೆ ವಿಂಡೋಸ್‌ಗೆ ಡಂಪ್ ಬರೆಯುವಷ್ಟೂ ಪುರುಸೊತ್ತು ಸಿಕ್ಕಿಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ), ಯುಪಿಎಸ್ ಬ್ಯಾಟರಿ, ಧೂಳು ಕಟ್ಟಿದ ಹೀಟ್‌ಸಿಂಕ್ (ಪ್ರೊಸೆಸರ್ ತಂಪಾಗಿಸುವ ಲೋಹದ ಭಾಗ) ಕಡೆ ತಿರುಗಿ. ವಿಜಯಪುರದ ಮೇ ತಿಂಗಳಲ್ಲಂತೂ ಒಣಗಿದ ಥರ್ಮಲ್ ಪೇಸ್ಟನ್ನೂ ಲೆಕ್ಕಕ್ಕೆ ಹಿಡಿಯಿರಿ. ಡಂಪ್ ಇದ್ದು ಕೋಡ್ ಕೊನೆಗೆ 124 ಇದ್ದರೂ ಸಾಮಾನ್ಯವಾಗಿ ಹಾರ್ಡ್‌ವೇರ್ ದೋಷ. ಅದಕ್ಕೆ ಹತ್ತು ಸಲ ಫಾರ್ಮ್ಯಾಟ್ ಹೊಡೆದರೂ ದಂಡ.

ಕೊರತೆಯೂ ಇದೆ. ಬ್ಲೂಸ್ಕ್ರೀನ್‌ವ್ಯೂ ಮೆಮೊರಿ ವಿಳಾಸ ನೋಡಿ ಊಹಿಸುತ್ತದೆ. ಸಿಂಬಲ್ (ಆ ವಿಳಾಸಗಳಿಗೆ ಹೆಸರು ಕೊಡುವ ಕಡತ) ಇಳಿಸಿಕೊಂಡು ಆಳಕ್ಕೆ ಹೋಗಲು ಮೈಕ್ರೋಸಾಫ್ಟ್‌ನ ವಿನ್‌ಡಿಬಿಜಿಯೇ ಬೇಕು, ಅದೂ ಪುಕ್ಕಟೆ, ಆದರೆ ಮೊದಲ ಸಲ ತೆರೆದವರಿಗೆ ತಲೆ ತಿರುಗುತ್ತದೆ. ಮನೆ ಬಳಕೆಗೆ ಬ್ಲೂಸ್ಕ್ರೀನ್‌ವ್ಯೂಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಅಂಗಡಿಗೆ ಹೋಗಲೇಬೇಕಾದರೆ ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ. ಆ ಹೆಸರು ಕೇಳಿ ಕಡತ ತೆರೆದು ನೋಡುವ ಹುಡುಗನಿರುವ ಅಂಗಡಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.