ಪದ್ಮಿನಿಗೆ ನಾಲ್ಕು ಪಾಯಿಂಟ್ ರೇಸಿಂಗ್ ಹಾರ್ನೆಸ್: ಮೂರು ವರ್ಷದ ಅನುಭವ

ಅಪ್ಪನ ಕಾಲದ 86ರ ಪ್ರೀಮಿಯರ್ ಪದ್ಮಿನಿ ನಮ್ಮನೇಲಿದೆ, ಭಾನುವಾರ ಭಾನುವಾರ ಓಡಿಸ್ತೀನಿ. ಬೆಲ್ಟೇ ಇರ್ಲಿಲ್ಲ, ಹಾಕ್ಸೋದಾದ್ರೆ ಗಟ್ಟಿದೇ ಹಾಕ್ಸೋಣ ಅಂತ ಮೂರಿಂಚು ಪಟ್ಟಿಯ ರೇಸಿಂಗ್ ಹಾರ್ನೆಸ್ ತರಿಸ್ದೆ, ಅಂದ್ರೆ ಎರಡು ಭುಜದ ಮೇಲಿಂದ, ಸೊಂಟದ ಎರಡು ಬದಿಯಿಂದ ಬಂದು ಗಾಡಿಗೆ ನಾಲ್ಕು ಕಡೆ ಬಿಗಿಯೋ ರೇಸ್ ಕಾರಿನ ಬೆಲ್ಟ್. ಮಾಲು ಒಳ್ಳೇದು, ಹೊಲಿಗೆ ಇವತ್ತಿಗೂ ಒಂದೆಳೆ ಬಿಟ್ಟಿಲ್ಲ. ತೊಂದ್ರೆ ಇರೋದು ಫಿಟ್ಟಿಂಗಲ್ಲಿ.

ಗ್ಯಾರೇಜ್‌ನವ್ರು ಭುಜದ ಪಟ್ಟಿ ಎರಡನ್ನೂ ಸೀಟ್ ಹಿಂದೆ ಸೀದಾ ಫ್ಲೋರಿಗೆ ಬೋಲ್ಟ್ ಮಾಡಿದ್ರು, ನಾನೂ ಒಂದ್ ವರ್ಷ ಹಂಗೇ ಓಡಿಸ್ದೆ, ಈಗ ನೆನೆಸ್ಕೊಂಡ್ರೆ ಎದೆ ಝಲ್ ಅನ್ನತ್ತೆ. ಗಾಡಿ ಗುದ್ದಿದಾಗ ಮೈ ಮುಂದಕ್ಕೆ ನುಗ್ಗತ್ತೆ, ಪಟ್ಟಿ ಭುಜನ ಕೆಳಕ್ಕೆ ಜಗ್ಗತ್ತೆ, ಆ ಭಾರ ಎಲ್ಲಾ ಬೆನ್ನುಮೂಳೆ ಮೇಲೆ. ಪಟ್ಟಿ ಭುಜದಿಂದ ಹಿಂದಕ್ಕೆ ಹೆಚ್ಚುಕಮ್ಮಿ ಮಟ್ಟವಾಗಿ ಹೋಗ್ಬೇಕು, ಇಳಿದ್ರೂ 20 ಡಿಗ್ರಿ ಒಳಗಿದ್ರೆ ಒಳ್ಳೇದು, 45 ದಾಟಲೇಬಾರ್ದು. ಕಾರ್ಪೆಟ್ ಎತ್ತಿ ನೋಡಿದ್ರೆ ಬೋಲ್ಟ್ ಕೆಳಗೆ ರೂಪಾಯಿ ಅಗಲದ ವಾಷರ್, ಸುತ್ತ ತುಕ್ಕು, ಸ್ಕ್ರೂಡ್ರೈವರ್ ಒತ್ತಿದ್ರೆ ಶೀಟ್ ಒಳಗೇ ಹೋಯ್ತು.

ಆಮೇಲೆ ಫ್ಲೋರಿಗೆ ಹೊಸ ಶೀಟ್ ವೆಲ್ಡ್ ಮಾಡ್ಸಿ, ಬೋಲ್ಟ್‌ಗಳ ಅಡಿಗೆ ಅಂಗೈ ಅಗಲದ 3 ಮಿಮೀ ಪ್ಲೇಟ್ ಕೊಡ್ಸಿ, ಭುಜದ ಪಟ್ಟಿಗೆ ಅಡ್ಡ ಬಾರ್ ಹಾಕ್ಸ್ದೆ. ಬಾರ್ ಬಂದ್ಮೇಲೆ ಹಿಂದಿನ ಸೀಟಲ್ಲಿ ಮಕ್ಕಳನ್ನ ಕೂರ್ಸೋಕೆ ಧೈರ್ಯ ಆಗ್ಲಿಲ್ಲ, ತಲೆ ನೇರ ಅದಕ್ಕೇ ಬಡಿಯತ್ತೆ. ಇನ್ನು ತೊಡೆ ನಡುವಿನ ಪಟ್ಟಿ ಇಲ್ದಿರೋದ್ರಿಂದ ಭುಜದ್ದು ಬಿಗಿ ಮಾಡ್ದಂಗೆಲ್ಲ ಸೊಂಟದ ಪಟ್ಟಿ ಮೇಲೇರಿ ಹೊಟ್ಟೆ ಮೇಲೆ ಕೂರತ್ತೆ, ಅದು ಇರ್ಬೇಕಾದ್ದು ಸೊಂಟದ ಮೂಳೆ ಮೇಲೆ, ಇಲ್ಲಾಂದ್ರೆ ಮೈ ಪಟ್ಟಿ ಅಡಿ ಜಾರತ್ತೆ. ಸೀಟಿಗೆ ಹೆಡ್‌ರೆಸ್ಟ್ ಬೇರೆ ಇಲ್ಲ. ರೂಫ್ ಕುಸಿಯದಂಗೆ ಒಳಗೆ ಹಾಕೋ ಕಬ್ಬಿಣದ ಪೈಪಿನ ಚೌಕಟ್ಟು, ರೋಲ್ ಕೇಜೂ ಇಲ್ಲ, ಗಾಡಿ ಪಲ್ಟಿ ಹೊಡೆದು ರೂಫ್ ಕುಸಿದ್ರೆ ಮಾಮೂಲಿ ಕಾರಿನ ಮೂರು ಪಾಯಿಂಟ್ ಬೆಲ್ಟಲ್ಲಿ ಮೈ ಪಕ್ಕಕ್ಕಾದ್ರೂ ವಾಲತ್ತೆ, ಇದ್ರಲ್ಲಿ ನೆಟ್ಟಗೆ ಕಟ್ಟಾಕಿದಂಗೆ.

ದಿನದ ಓಡಾಟದಲ್ಲಿ ಇನ್ನೊಂದು. ಸರ್ಕಲಲ್ಲಿ ಮುಂದಕ್ಕೆ ಬಗ್ಗಿ ನೋಡೋಕಾಗಲ್ಲ. ಅಪ್ಪ ಅಂತೂ ಕೂತ ತಕ್ಷಣ "ಉಸಿರು ಕಟ್ಟತ್ತೆ ಕಣೋ" ಅಂತ ಎರಡು ಬೆರಳಲ್ಲಿ ಪಟ್ಟಿ ಸಡಿಲ ಮಾಡ್ಕೊಳ್ತಿದ್ರು, ಸಡಿಲ ಹಾರ್ನೆಸ್ ಇದ್ದೂ ಇಲ್ದಂಗೆ.

ಹೋದ ಜನವರೀಲಿ ಬಿಚ್ಚಿಸ್ದೆ. ಈಗ ಬಾಗಿಲ ಪಕ್ಕದ ಪಿಲ್ಲರ್‌ಗೆ ಒಳಗಿಂದ ಪ್ಲೇಟ್ ಕೊಟ್ಟು 7/16 ಇಂಚಿನ ಹೈ ಟೆನ್ಸೈಲ್ ಬೋಲ್ಟಲ್ಲಿ ಎಳೆದ್ರೆ ಬಂದು ತಾನೇ ಸುತ್ಕೊಳ್ಳೋ ಮಾಮೂಲಿ ರೀಲ್ ಬೆಲ್ಟ್ ಇದೆ, ಅಪ್ಪನೂ ತಕರಾರಿಲ್ದೆ ಹಾಕ್ಕೋತಾರೆ. ಟ್ರ್ಯಾಕ್‌ಗೆ ಅಂತಲೇ ಕೇಜ್, ಬಕೆಟ್ ಸೀಟ್, ಹೆಲ್ಮೆಟ್ ಎಲ್ಲಾ ಇಟ್ಕೊಂಡೋರು ತೊಡೆ ನಡುವಿನ ಪಟ್ಟೀನೂ ಇರೋ ಆರು ಪಾಯಿಂಟಿಂದು ತಗೊಳ್ಳಿ. ಹಳೇ ಗಾಡೀಲಿ ಈಗಾಗ್ಲೇ ಹಾರ್ನೆಸ್ ಹಾಕ್ಸಿರೋರು ದಯವಿಟ್ಟು ಇವತ್ತೇ ಕಾರ್ಪೆಟ್ ಎತ್ತಿ ಬೋಲ್ಟ್ ಅಡಿ ಏನಿದೆ ನೋಡಿ.