ಮೂರು ಇಂಚು ಎತ್ತರಿಸಿದ ಹಳೆಯ ಪಿಕಪ್: ಖಾಲಿ ಓಡಿಸಿದರೆ ನಡುಕ, ಭತ್ತ ಹೇರಿದರೆ ಶಾಂತ

ಕಾರಟಗಿಯಿಂದ ನಮ್ಮ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ವಿತರಣಾ ನಾಲೆಯ ಏರಿಯೇ ದಾರಿ. ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೆ ನಾದಿದ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಸಾಲದ್ದಕ್ಕೆ ಎರಡು ಕಡೆ ನೀರಿಗೆ ಇಳಿದೇ ದಾಟಬೇಕು. ಅದಕ್ಕಾಗಿ 2019ರಲ್ಲಿ 2004ರ ಮಾದರಿಯ ಫೋರ್ ವೀಲ್ ಡ್ರೈವ್ ಡೀಸೆಲ್ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಮರುವರ್ಷ 3 ಇಂಚಿನ ಲಿಫ್ಟ್ ಕಿಟ್ ಹಾಕಿಸಿದೆ. ಹಿಂದೆ ಆ್ಯಕ್ಸಲ್ ಮೇಲೆ ಕಬ್ಬಿಣದ ಬ್ಲಾಕ್ ಮತ್ತು ಉದ್ದನೆಯ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ), ನಾಲ್ಕೂ ಕಡೆ 30 ಇಂಚಿನ ಟೈರು. ಗದ್ದೆಯ ದಾರಿಯ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಅಂದಿನಿಂದ ಒಮ್ಮೆಯೂ ಟ್ರ್ಯಾಕ್ಟರ್ ಕರೆಸಿ ಎಳೆಸಿಲ್ಲ.

ತೊಂದರೆ ಶುರುವಾದದ್ದು ಡಾಂಬರಿನ ಮೇಲೆ. ವೇಗ 60 ದಾಟಿದ ಕೂಡಲೇ ಸೀಟಿನ ಕೆಳಗೆ ಜೇನುಗೂಡು ಕೆದಕಿದಂಥ ಗುಂಯ್‌ಗುಡುವಿಕೆ, 70ಕ್ಕೆ ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಮಸುಕು. ಟೈರು ಅಂಗಡಿಯಲ್ಲಿ ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಏನೂ ಆಗಲಿಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಆ್ಯಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಯುಜೆ ಕ್ರಾಸ್ (ಓರೆಯಲ್ಲೂ ತಿರುಗಬಲ್ಲ ಕೀಲಿನ ಭಾಗ) ಬದಲಿಸಿದೆ. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಅದೇ ರಾಗ. ಹೀಗೆ ಹದಿನಾಲ್ಕು ಸಾವಿರ ರೂಪಾಯಿ ಕರಗಿತು. ಪ್ರತಿಯೊಬ್ಬರೂ ತಮ್ಮ ಅಂಗಡಿಯಲ್ಲಿ ಸಿಗುವ ಭಾಗವೇ ಕೆಟ್ಟಿದೆ ಎಂದರು.

ಸಿಂಧನೂರಿನಲ್ಲಿ ಲಾರಿ ಕೆಲಸ ಮಾಡುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ, ಎಲ್ಲರಿಗೂ ಚಾಚಾ. ಅವರು ಬಾನೆಟ್ ತೆರೆಯುವ ಮೊದಲೇ ಕೇಳಿದರು: "ಗೌಡರೇ, ಖಾಲಿ ಇದ್ದಾಗ ಹೆಚ್ಚೋ, ಹೇರಿದಾಗ ಹೆಚ್ಚೋ?"

ಖಾಲಿ ಇದ್ದಾಗಲೇ. 75 ಕಿಲೋದ ಹತ್ತು ಚೀಲ ಭತ್ತ ಹೇರಿಕೊಂಡು ಗಿರಣಿಗೆ ಹೋಗುವಾಗ ಗಾಡಿ ಹಸುವಿನಷ್ಟು ಸಾಧು. ಮೂರು ವರ್ಷ ಓಡಿಸಿದವನು ನಾನು, ಆದರೂ ಇದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಚಾಚಾ ಪಕ್ಕದಲ್ಲಿ ಕುಳಿತು ಖಾಲಿ ರಸ್ತೆಯಲ್ಲಿ 70ಕ್ಕೆ ಏರಿಸಿ ನ್ಯೂಟ್ರಲ್‌ಗೆ ಹಾಕಿಸಿದರು. ಎಂಜಿನ್ ವೇಗ ಇಳಿದರೂ ನಡುಕ ನಿಲ್ಲಲಿಲ್ಲ. ಅಲ್ಲಿಗೆ ಎಂಜಿನ್, ಕ್ಲಚ್ ಎರಡೂ ನಿರ್ದೋಷಿಗಳು. ಟೈರಿನ ದೋಷವಾಗಿದ್ದರೆ ಹೀಗೆ ಗುಂಯ್‌ಗುಡುವುದಿಲ್ಲ. 30 ಇಂಚಿನ ಟೈರು 70ರ ವೇಗದಲ್ಲಿ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ, ಆ ನಡುಕ ಸ್ಟೀರಿಂಗಿನಲ್ಲಿ ಹೊಯ್ದಾಟವಾಗಿ ಕೈಗೆ ಸಿಗುತ್ತದೆ. ಹಿಂದಿನ ಆ್ಯಕ್ಸಲ್‌ನ ನಡುವಿನ ಡಿಫರೆನ್ಷಿಯಲ್‌ನಲ್ಲಿ ಶಾಫ್ಟಿಗೆ ಕೂಡಿದ ಸಣ್ಣ ಹಲ್ಲುಚಕ್ರ ಪಿನಿಯನ್, ಅದು ತಿರುಗಿಸುವ ದೊಡ್ಡದು ಕ್ರೌನ್. ನನ್ನ ಗಾಡಿಯಲ್ಲಿ ಇವುಗಳ ಅನುಪಾತ 4.1, ಅಂದರೆ ಚಕ್ರ ಒಂದು ಸುತ್ತು ತಿರುಗಿದರೆ ಶಾಫ್ಟ್ 4.1 ಸುತ್ತು. ಶಾಫ್ಟ್ ಅದೇ ವೇಗದಲ್ಲಿ 33 ಸುತ್ತು. ಓರೆಯಾಗಿ ತಿರುಗುವ ಯುಜೆ ಜಾಯಿಂಟ್ ಪ್ರತಿ ಸುತ್ತಿಗೆ ಎರಡು ಬಾರಿ ವೇಗ ಏರಿಸಿ ಇಳಿಸುತ್ತದೆ, ಅಂದರೆ ಸೆಕೆಂಡಿಗೆ 66 ಸಲ. ಅದು ಬೆನ್ನಿಗೆ ತಟ್ಟುವ ಗುಂಯ್. (ಅನುಪಾತ ಗೊತ್ತಿಲ್ಲದಿದ್ದರೆ ಹಿಂದಿನ ಒಂದೇ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಉಳಿದವಕ್ಕೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಲಾಕ್ ಇಲ್ಲದ ಸಾಮಾನ್ಯ ಡಿಫರೆನ್ಷಿಯಲ್‌ಗೆ ಮಾತ್ರ ಈ ಲೆಕ್ಕ.)

ಅಳೆಯಲು ಬಳಸಿದ್ದು ನನ್ನ ಮೊಬೈಲಿನ ಓರೆ ತೋರಿಸುವ ಆ್ಯಪ್. ಗೇರ್‌ಬಾಕ್ಸಿನ ಕಡೆ 4 ಡಿಗ್ರಿ, ಶಾಫ್ಟ್ 11, ಪಿನಿಯನ್ 7. ಮುಂದಿನ ಜಾಯಿಂಟಿಗೆ 7 ಡಿಗ್ರಿ ಓರೆ, ಹಿಂದಿನದಕ್ಕೆ 4. ಎರಡೂ ಸಮನಾಗಿದ್ದರೆ ಒಂದು ಎಬ್ಬಿಸಿದ ಏರಿಳಿತವನ್ನು ಇನ್ನೊಂದು ನುಂಗುತ್ತದೆ. ಉದ್ದನೆಯ ಶ್ಯಾಕಲ್ ಪಿನಿಯನ್‌ನ ಮೂತಿಯನ್ನು ಮೇಲಕ್ಕೆತ್ತಿ ಆ ಸಮವನ್ನು ಕೆಡಿಸಿತ್ತು. ಹತ್ತು ಚೀಲ ಹೇರಿ ಅಳೆದರೆ ಶಾಫ್ಟ್ 8ಕ್ಕೆ ಇಳಿದಿತ್ತು. ವ್ಯತ್ಯಾಸ ಆಗಲೂ ಮೂರೇ, ಆದರೆ ಓರೆಗಳು ಚಿಕ್ಕವಾದ್ದರಿಂದ ಏರಿಳಿತ ಅರ್ಧಕ್ಕಿಂತ ಕಡಿಮೆ. ಭತ್ತದ ಗುಟ್ಟು ಇದು.

ಪರಿಹಾರ, ಸ್ಪ್ರಿಂಗಿಗೂ ಆ್ಯಕ್ಸಲ್‌ಗೂ ನಡುವೆ ಕೂರುವ 3 ಡಿಗ್ರಿಯ ಉಕ್ಕಿನ ಬೆಣೆ, ಜೋಡಿಗೆ 900 ರೂಪಾಯಿ. ಲೀಫ್ ಸ್ಪ್ರಿಂಗ್ ಆ್ಯಕ್ಸಲ್‌ನ ಮೇಲೆ ಕೂರುವ ನನ್ನಂಥ ಗಾಡಿಯಲ್ಲಿ ಪಿನಿಯನ್ ಮೂತಿ ತಗ್ಗಿಸಲು ಬೆಣೆಯ ದಪ್ಪ ತುದಿ ಮುಂದಕ್ಕೆ ಬರಬೇಕು. ಚಾಚಾ ನಮಾಜಿಗೆ ಹೋಗಿದ್ದಾಗ ಅವರ ಹುಡುಗ ತಿರುಗುಮುರುಗಾಗಿ ಹಾಕಿದ. ಗಾಡಿ ಹೊರಗೆ ತೆಗೆದರೆ 50ಕ್ಕೇ ಡ್ಯಾಶ್‌ಬೋರ್ಡ್ ಕಳಚಿ ಬೀಳುವಂತಿತ್ತು. ನನಗೆ ಸಿಟ್ಟಿನ ಬದಲು ಸಂತೋಷವಾಯಿತು, ಕೊನೆಗೂ ರೋಗ ಸಿಕ್ಕಿತಲ್ಲ ಎಂದು. ಬೆಣೆ ತಿರುಗಿಸಿ, ಬ್ಲಾಕನ್ನು 1 ಇಂಚು ತಗ್ಗಿಸಿದ ಮೇಲೆ ಎರಡೂ ಜಾಯಿಂಟು 6 ಡಿಗ್ರಿಯ ಆಸುಪಾಸಿಗೆ ಬಂದವು.

ಇಷ್ಟರೊಳಗೆ ಡಿಫರೆನ್ಷಿಯಲ್ ಹಾಳಾಗಿತ್ತು. ಆ್ಯಕ್ಸಿಲರೇಟರ್ ಒತ್ತಿದರೆ ಊಳಿಡುವುದು, ಕಾಲು ತೆಗೆದರೆ ಸುಮ್ಮನಾಗುವುದು. ತಿರುವಿನಲ್ಲಿ ಮಾತ್ರ ಸದ್ದು ಬಂದಿದ್ದರೆ ಒಳಗಿನ ಚಿಕ್ಕ ಗೇರುಗಳನ್ನು ಅನುಮಾನಿಸಬಹುದಿತ್ತು, ಇದು ನೇರ ರಸ್ತೆಯ ಸದ್ದು. ಆಯಿಲ್ ಇಳಿಸಿದರೆ ಹಾಲು ಬೆರೆಸಿದ ಚಹಾದ ಬಣ್ಣ. ಡಿಫರೆನ್ಷಿಯಲ್‌ನ ಹೌಸಿಂಗ್ (ಹೊರಗವಚ) ಗಾಳಿಯಾಡುವ ತೂತು, ಅಂದರೆ ಬ್ರೀದರ್, ಮಣ್ಣಿನಿಂದ ಮುಚ್ಚಿತ್ತು. ಬಿಸಿ ಹೌಸಿಂಗ್ ನಾಲೆಯ ತಣ್ಣೀರಿಗೆ ಇಳಿದಾಗಲೆಲ್ಲ, ನಡುಕಕ್ಕೆ ಸವೆದ ಪಿನಿಯನ್ ಸೀಲಿನ ಮೂಲಕ ನೀರು ಹೀರಿಕೊಂಡಿತ್ತು. ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟುವ ನುಣ್ಣನೆಯ ಬೂದು ಮೆತ್ತೆಗೆ ಹೆದರಬೇಕಿಲ್ಲ, ನನ್ನದರಲ್ಲಿ ಬೆರಳಿಗೆ ಚುಚ್ಚುವ ಚೂರುಗಳಿದ್ದವು. ಅದಕ್ಕೂ ಮೊದಲು ಬೇರೊಂದು ಗ್ಯಾರೇಜಿನಲ್ಲಿ ಪಿನಿಯನ್ ಬೇರಿಂಗ್ ಬದಲಿಸಿದ್ದರು, ಆದರೆ ಒಮ್ಮೆ ಬಿಗಿದರೆ ಕುಗ್ಗಿಹೋಗುವ ಸ್ಲೀವನ್ನು ಹಳೆಯದನ್ನೇ ತೂರಿಸಿದ್ದರು. 4,000 ಕಿಲೋಮೀಟರಿಗೆ ಮತ್ತೆ ಸಡಿಲ. ಚಾಚಾ ಹೊಸ ಸ್ಲೀವ್ ಹಾಕಿ, ಡಯಲ್ ಗೇಜಿನಲ್ಲಿ ಹಲ್ಲುಗಳ ಸಡಿಲ ನೋಡಿ, ಬಣ್ಣ ಹಚ್ಚಿ ಹಲ್ಲು ಎಲ್ಲಿ ಕಚ್ಚುತ್ತದೆಂದು ನನಗೂ ತೋರಿಸಿದರು. ಈ ಕೆಲಸಕ್ಕೆ ಎರಡು ದಿನ ಹಿಡಿಯಿತು, ದುಬಾರಿಯೂ ಹೌದು.

ಕಿಟ್‌ಗೆ ಐದರಲ್ಲಿ ಎರಡೂವರೆ. ಕಬ್ಬಿಣ ಗಟ್ಟಿ, ತುಕ್ಕು ಹಿಡಿದಿಲ್ಲ. ಪೆಟ್ಟಿಗೆಯಲ್ಲಿ ಬೆಣೆ ಇರಲಿಲ್ಲ, ಪಿನಿಯನ್ ಓರೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಗಾಡಿಗೆ ನಾಲ್ಕು. ಖಾಲಿ ಇದ್ದಾಗ 85ಕ್ಕೆ ಈಗಲೂ ಸಣ್ಣ ಗುಂಯ್ ಇದೆ, ಆ ವೇಗಕ್ಕೆ ನಾನು ಹೋಗುವುದಿಲ್ಲ. ಬ್ರೀದರಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಡೀಸೆಲ್ ಮುಚ್ಚಳದ ಎತ್ತರಕ್ಕೆ ಕಟ್ಟಿದ್ದೇನೆ. ಹೋದ ಸುಗ್ಗಿ ಮುಗಿದ ಮೇಲೆ ಇಳಿಸಿದ ಆಯಿಲ್ ಜೇನಿನ ಬಣ್ಣದಲ್ಲಿತ್ತು.