ಕೀಲಿ ಕೊಡುವ ಕಿಚನ್ ಟೈಮರ್: ಟಿಕ್ ಟಿಕ್‌ಗೆ ಫುಲ್ ಮಾರ್ಕ್ಸ್, ಗಂಟೆಗೆ ಸೊನ್ನೆ

ಕಿಚನ್ ಟೈಮರ್ ಎಲ್ಲರೂ ನೋಡಿರುತ್ತೀರಿ, ವಿವರ ಬೇಡ. ನನ್ನದು ಟೊಮ್ಯಾಟೊ ಆಕಾರದ ಪ್ಲಾಸ್ಟಿಕ್‌ನದು. ಬ್ಯಾಟರಿ ಇಲ್ಲ, ಮೇಲರ್ಧ ಹಿಡಿದು ತಿರುಗಿಸಬೇಕು. ಮುನ್ನೂರು ರೂಪಾಯಿ ಒಳಗೇ ಸಿಕ್ಕಿತು. ತಂದು ವರ್ಷದ ಮೇಲಾಯ್ತು, ಇನ್ನೂ ಅಡುಗೆಮನೆ ಮುಖ ನೋಡಿಲ್ಲ. ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ಅದರ ವಾಸ.

ಮೈಸೂರಿನ ಮನೆಯಲ್ಲೇ ಕೂತು ಒಂದಷ್ಟು ಅಂಗಡಿಯವರ ಜಿಎಸ್‌ಟಿ ರಿಟರ್ನ್ ಹಾಕುವುದು ನನ್ನ ಕೆಲಸ. 11ನೇ ತಾರೀಖಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಲೆಕ್ಕದ ರಿಟರ್ನ್). ನಡುವೆ 14ಕ್ಕೆ 2ಬಿ ಬರುತ್ತದೆ, ಅಂದರೆ ಸಪ್ಲೈಯರ್‌ಗಳು ಹಾಕಿದ ಬಿಲ್ಲುಗಳ ಪಟ್ಟಿ. ಅದನ್ನು ಅಂಗಡಿಯವರ ಖರೀದಿ ಪುಸ್ತಕದ (ಪರ್ಚೇಸ್ ರಿಜಿಸ್ಟರ್) ಜೊತೆ ಬಿಲ್ ಬಿಲ್ ಹಿಡಿದು ತಾಳೆ ನೋಡಬೇಕು. ಅಂಗಡಿಯವರು 23 ಅಂತ ಬರೆದುಕೊಂಡ ಬಿಲ್ಲನ್ನು ಸಪ್ಲೈಯರ್ 023 ಅಂತ ಹಾಕಿರುತ್ತಾನೆ. ಎರಡೂ ಒಂದೇ ಬಿಲ್ಲಾ, ಬೇರೆಯಾ ಅಂತ ಕಣ್ಣಿಟ್ಟು ನೋಡಬೇಕು. ಕಷ್ಟದ ಕೆಲಸ ಏನಲ್ಲ. ಆದರೆ ಕಣ್ಣು ಇಲ್ಲಿದ್ದರೆ ತಲೆ ಊರೆಲ್ಲ ಸುತ್ತುತ್ತಿರುತ್ತದೆ. ಗ್ಯಾಸ್ ಬುಕ್ ಮಾಡಿದ್ನಾ? ಮಗಳ ವ್ಯಾನ್ ಫೀಸ್ ಕೊಟ್ಟಾಯ್ತಾ? ಮೊನ್ನೆ ನಾದಿನಿ ಆ ಮಾತು ಯಾಕೆ ಅಂದ್ಲು? ಇಷ್ಟು ಹೊತ್ತಿಗೆ ಯಾವ ಸಾಲಿನಲ್ಲಿದ್ದೆ ಅನ್ನೋದೇ ಮರೆತು, ಮತ್ತೆ ಮೇಲಿಂದ ಶುರು.

ಈ ಟೈಮರ್ ತರುವ ಮೊದಲು ಮನಸ್ಸು ಶಾಂತ ಮಾಡುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ್ದೆ. ಉಸಿರಾಟ, ಮಳೆ ಸದ್ದು, ಎಲ್ಲ ಇತ್ತು. ಆದರೆ ಶಾಂತಿಗೆ ಅಂತ ಫೋನ್ ಎತ್ತಿದರೆ ಮೊದಲು ಕಾಣೋದು ವಾಟ್ಸಾಪ್, ಅಲ್ವಾ? ಚಂದಾ ಮುಗಿಯಿತು, ಮತ್ತೆ ಕಟ್ಟಲಿಲ್ಲ.

ಟೈಮರ್ ಇಟ್ಟು ಕೆಲಸ ಮಾಡುವುದು ಹೊಸದೇನಲ್ಲ. ಫ್ರಾನ್ಚೆಸ್ಕೊ ಚಿರಿಲ್ಲೊ ಅನ್ನುವ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಶುರು ಮಾಡಿದ ಪೊಮೊಡೊರೊ (ಇಟಾಲಿಯನ್‌ನಲ್ಲಿ ಟೊಮ್ಯಾಟೊ) ವಿಧಾನ ಇದು. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಿಗೊಮ್ಮೆ ದೊಡ್ಡ ಬಿಡುವು. ನನಗೆ ಇಷ್ಟವಾಗಿದ್ದು ಆತ ಮೊದಲು ತನಗೆ ತಾನೇ ಹಾಕಿಕೊಂಡ ಸವಾಲು: ಬರೀ 10 ನಿಮಿಷ ನಿಜವಾಗಿ ಓದೋಕೆ ಆಗುತ್ತಾ? ಅಷ್ಟೇ. ನಾನೂ 10ರಿಂದಲೇ ಶುರು ಮಾಡಿದೆ.

ಈಗ ದಿನವೂ ಹೀಗೆ. ತಿಂಡಿ ಮುಗಿದು ಮನೆ ಒಂಚೂರು ತಣ್ಣಗಾದ ಮೇಲೆ ಕಾಫಿ ಲೋಟ ಹಿಡಿದು ಕೂರುತ್ತೇನೆ. ಫೋನ್ ಫ್ರಿಜ್ ಮೇಲೆ ಚಾರ್ಜಿಗೆ. ಒರೆಸುವ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಟೈಮರ್ ಕೆಳಗೆ ಇಡುತ್ತೇನೆ. ಬರೀ ಮೇಜಿನ ಮೇಲಿಟ್ಟರೆ ಮರದ ಹಲಗೆಯೂ ಸೇರಿಕೊಂಡು ಟಕ್ ಟಕ್ ಅಂತ ತಲೆಗೆ ಹೊಡೆಯುತ್ತದೆ. ಬಟ್ಟೆ ಹಾಕಿದರೆ ಮೆತ್ತಗೆ ಟಿಕ್ ಟಿಕ್. ಒಂದು ಪಕ್ಕ ಖಾಲಿ ಇರುವ ಹಳೇ ಚಲನ್ ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿ ಕ್ಲಿಪ್ ಹಾಕಿಟ್ಟಿದ್ದೇನೆ. ಅದರಲ್ಲೊಂದು ಚೀಟಿ ಎಡಗೈ ಪಕ್ಕಕ್ಕೆ. ಆಮೇಲೆ ಟೊಮ್ಯಾಟೊ ತಿರುಗಿಸುವುದು. ಕರ್ರ್ ಅನ್ನುವ ಆ ಸದ್ದು ಕೇಳಿದರೆ ಕೈ ತಾನಾಗೇ ಮೌಸ್ ಕಡೆ ಹೋಗುತ್ತದೆ.

ಚೀಟಿ ಯಾಕೆ ಅಂದರೆ, ಗ್ಯಾಸ್ ನೆನಪಾದರೆ "ಗ್ಯಾಸ್" ಅಂತ ಬರೆದು ವಾಪಸ್ ಬಿಲ್ಲಿಗೆ. ಎದ್ದು ಹೋಗುವಂತಿಲ್ಲ. ಚಿರಿಲ್ಲೊ ವಿಧಾನದಲ್ಲೂ ಇದು ಇದೆ. ಮಸಿಕಾಂಪೊ ಮತ್ತು ಬೌಮೈಸ್ಟರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದೂ ಇಂಥದ್ದೇ: ಬಾಕಿ ಕೆಲಸವನ್ನು ಮುಗಿಸಲೇಬೇಕು ಅಂತಿಲ್ಲ. ಯಾವಾಗ, ಹೇಗೆ ಮಾಡೋದು ಅಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೂ ತಲೆ ಅದನ್ನು ಕೆದಕುವುದು ಕಡಿಮೆಯಾಗುತ್ತದೆ. ಹಾಗಾಗಿ ನಾನು "ಗ್ಯಾಸ್, ಊಟ ಆದ್ಮೇಲೆ" ಅಂತ ಬರೆಯುತ್ತೇನೆ. "ನಾದಿನಿ" ಅಂತಲೂ ಬರೆದದ್ದಿದೆ. ಅದಕ್ಕೆ ಟೈಮ್ ಹಾಕಲಿಲ್ಲ. ಸಂಜೆ ಚೀಟಿ ನೋಡಿದರೆ ಅರ್ಧಕ್ಕರ್ಧ ಸುಮ್ನೆ ಬಂದು ಹೋದ ಯೋಚನೆಗಳು.

ಇಲ್ಲಿಯವರೆಗೆ ಎಲ್ಲ ಚೆಂದ. ಈಗ ಗಂಟೆಯ ವಿಷಯಕ್ಕೆ ಬರೋಣ.

ಟ್ರಿಣ್ಣ್‌ಣ್! ಹಳೇ ಲ್ಯಾಂಡ್‌ಲೈನ್ ಫೋನೇ ಬಡಿದುಕೊಂಡ ಹಾಗೆ. ಎಷ್ಟರ ಮಟ್ಟಿಗೆ ಅಂದರೆ, ನಮ್ಮ ಮಾವ ಜಗುಲಿಯಲ್ಲಿ ಪೇಪರ್ ಓದುತ್ತಿದ್ದವರು ಎದ್ದು, ಹಿಂದೆ ಫೋನ್ ಇದ್ದ ಮೂಲೆಯವರೆಗೂ ಬಂದುಬಿಟ್ಟರು. ಆ ಕನೆಕ್ಷನ್ ತೆಗೆಸಿ ವರ್ಷಗಳೇ ಆಗಿವೆ. "ಯಾರಮ್ಮಾ ಫೋನು?" ಅಂತ ನನ್ನನ್ನೇ ಕೇಳಿದರು. ಅತ್ತೆ ಒಳಗಿಂದ "ಬಾಗಿಲು ನೋಡೇ" ಅಂದರು. ಇದು ಒಂದು ದಿನದ ಕಥೆಯಲ್ಲ. ಸದ್ದು ಕಡಿಮೆ ಮಾಡುವ ದಾರಿಯೂ ಇಲ್ಲ, ಒಂದು ತಿರುಪೂ ಕೊಟ್ಟಿಲ್ಲ.

ಮನೆಯವರನ್ನು ಬಿಡಿ. ನನಗೇ ಎದೆ ಧಸಕ್ ಅನ್ನುತ್ತಿತ್ತು. ಕೊನೆಗೂ ತಲೆ ಒಂದು ಕಡೆ ನಿಂತು, ಮಿಸ್‌ಮ್ಯಾಚ್‌ಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿರುವಾಗಲೇ ಬಡಿಯಬೇಕಾ? ತಪ್ಪಿಸಿಕೊಂಡ ಸಾಲನ್ನು ಮತ್ತೆ ಹುಡುಕಬೇಕು. ಮನಸ್ಸು ಒಂದೆಡೆ ಇರಲಿ ಅಂತ ತಂದ ಸಾಮಾನೇ ಮನಸ್ಸನ್ನು ಕದಡಿದರೆ ಏನು ಮಾಡೋದು? ಕೊನೆಕೊನೆಗೆ ಈಗ ಬಡಿಯುತ್ತೆ, ಈಗ ಬಡಿಯುತ್ತೆ ಅಂತ ಕಿವಿ ಅಲ್ಲೇ ಇರುತ್ತಿತ್ತು. ಒಂದು ಸ್ಟಾರ್ ಕೊಟ್ಟು ಬೈದು ಬರೆಯೋಣ ಅಂತಿದ್ದೆ.

ಬರೆಯದೇ ಉಳಿದದ್ದು ಮಗಳಿಂದ. ಡಬ್ಬದ ಮೇಲಿನ ಸೂಚನೆ ಹೀಗಿದೆ: ಮೊದಲು 60ರವರೆಗೆ ಪೂರ್ತಿ ತಿರುಗಿಸಿ, ಆಮೇಲೆ ಬೇಕಾದ ನಿಮಿಷಕ್ಕೆ ಹಿಂದೆ ಬನ್ನಿ. ನಾನು ಚಾಚೂ ತಪ್ಪದೆ ಹಾಗೇ ಮಾಡುತ್ತಿದ್ದೆ. ಅವಳು ಡ್ರಾಯಿಂಗ್ ಮಾಡಲು ಕೂತಾಗ ಓದುವ ಗೋಜಿಗೆ ಹೋಗದೆ ಸೀದಾ 20ಕ್ಕೆ ತಿರುಗಿಸಿದಳು. ಟೈಮ್ ಆದಾಗ ಬಂದದ್ದು ಬರೀ "ಟಿಣ್", ಅದೂ ಅರೆಮನಸ್ಸಿನಿಂದ. ಪೂರ್ತಿ ಸುತ್ತದಿದ್ದರೆ ಗಂಟೆಗೆ ಬಡಿದುಕೊಳ್ಳುವಷ್ಟು ಬಲ ಸಿಗಲ್ಲ, ಅಷ್ಟೇ. ಕಂಪನಿಯವರ ಲೆಕ್ಕದಲ್ಲಿ ಅದು ದೋಷ. ನನ್ನ ಲೆಕ್ಕದಲ್ಲಿ ಈ ಟೈಮರ್‌ನ ಅತ್ಯಂತ ಒಳ್ಳೆಯ ಗುಣ.

ಆವತ್ತಿಂದ ಸೀದಾ 25ಕ್ಕೆ. ಕೆಲವು ಸಲ ಟಿಣ್ ಅನ್ನೋದೂ ಇಲ್ಲ, ಟಿಕ್ ಟಿಕ್ ನಿಂತುಬಿಡುತ್ತದೆ. ಕೆಲಸದಲ್ಲಿ ಮುಳುಗಿದ್ದರೆ ನಿಂತದ್ದು ಗೊತ್ತೇ ಆಗಲ್ಲ, ಆ ಅಂಗಡಿಯ ಬಿಲ್ಲು ಮುಗಿಸಿಯೇ ತಲೆ ಎತ್ತುತ್ತೇನೆ. ತಲೆ ಅಲೆಯುತ್ತಿದ್ದರೆ ತಕ್ಷಣ ಗೊತ್ತಾಗುತ್ತದೆ, ಎದ್ದು ನೀರು ಕುಡಿದು ಬರುತ್ತೇನೆ. 25 ನಿಮಿಷದ ನಿಯಮಕ್ಕಿಂತ ನನಗೆ ಬೇಕಾಗಿದ್ದದ್ದು ಈ ಸಣ್ಣ ಸದ್ದು. ಗಮನ ಜಾರಿದಾಗ ಕಿವಿಗೆ ಬೀಳುತ್ತದೆ, ಬಿದ್ದ ಕೂಡಲೇ ಬಿಲ್ಲಿಗೆ ವಾಪಸ್.

ಪಕ್ಕದಲ್ಲಿ ಬೇರೆಯವರೂ ಕೂತು ಕೆಲಸ ಮಾಡುವ ಆಫೀಸಿಗೆ ಇದನ್ನು ತೆಗೆದುಕೊಂಡು ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮನೆಯಲ್ಲಿ ಕೂಸು ಮಲಗುವ ಕೋಣೆಯಲ್ಲೂ ಬೇಡ. ಡಿಜಿಟಲ್ ಟೈಮರ್‌ನಲ್ಲಿ ಟೈಮ್ ಕರೆಕ್ಟಾಗಿರುತ್ತದೆ, ಆದರೆ ಟಿಕ್ ಟಿಕ್ ಇಲ್ಲದ ಮೇಲೆ ನನಗೆ ಅದರಿಂದ ಉಪಯೋಗ ಇಲ್ಲ. ಇದರದ್ದು ಈಗ ಒಂದೆರಡು ನಿಮಿಷ ಮುಂಚೆಯೇ ಮುಗಿಯುತ್ತದೆ. ಇಡ್ಲಿ ಬೇಯಿಸುವವರಿಗೆ ಅದು ತೊಂದರೆ, ನನಗಲ್ಲ. ಮೂರು ಸ್ಟಾರ್ ಕೊಡುತ್ತಿದ್ದೇನೆ. ಗಂಟೆ ಬಡಿಯದ ಮಾಡೆಲ್ ಯಾರಾದರೂ ಕಂಡಿದ್ದರೆ ಕೆಳಗೆ ತಿಳಿಸಿ, ಇದು ಪೂರ್ತಿ ಕೆಟ್ಟ ದಿನ ಅದನ್ನೇ ತರಿಸುತ್ತೇನೆ.